ಕಡತ ನಿನ್ನದಾಗಲಿ

ಮಗಳೇ,

ಬೆಂಗಳೂರಿನ ದೊಡ್ಡ ಲಾ ಫರ್ಮಿನಲ್ಲಿ ನಿನಗೆ ಕೆಲಸ ಸಿಕ್ಕಿದೆ, ಅದೂ ವಾಣಿಜ್ಯ ವ್ಯಾಜ್ಯಗಳ ವಿಭಾಗದಲ್ಲಿ ಎಂದು ನಿನ್ನಪ್ಪ ಫೋನಿನಲ್ಲಿ ಹೇಳಿದ. ಅವನ ದನಿಯಲ್ಲಿ ಹೆಮ್ಮೆಯ ಜೊತೆ ಅಳುಕೂ ಇತ್ತು. ಸಂಬಳ ನೋಡಿ ಹೆಮ್ಮೆ. ‘ಕೋರ್ಟಿನ ಮೆಟ್ಟಿಲೇ ಹತ್ತದ ಲಾಯರಾಗಿಬಿಡ್ತಾಳೇನೋ ಅಣ್ಣಾ’ ಎಂಬ ಅಳುಕು. ಅವನು ಅಳುಕಿದ್ದರಲ್ಲಿ ಹುರುಳಿದೆ. ಅದಕ್ಕೇ ಈ ದೊಡ್ಡಪ್ಪನ ಕಾಗದ.

ನಾನು ತುಮಕೂರಿನ ಚೇಂಬರೊಂದರಲ್ಲಿ ಜೂನಿಯರ್ ಆಗಿದ್ದಾಗ ಒಂದು ಕೇಸು ಹುಟ್ಟಿನಿಂದ ಕೊನೆಯವರೆಗೆ ಒಬ್ಬರ ಕೈಯಲ್ಲೇ ಇರುತ್ತಿತ್ತು. ಕಕ್ಷಿದಾರ ಬಂದು ಬೆಂಚಿನ ಮೇಲೆ ಕೂತು ತನ್ನ ಗೋಳು ಹೇಳಿಕೊಳ್ಳುತ್ತಿದ್ದ. ಅದನ್ನು ಕೇಳಿಸಿಕೊಂಡ ಸೀನಿಯರೇ ದಾವಾಪತ್ರ ಬರೆಸುತ್ತಿದ್ದರು, ಅವರೇ ಎದುರು ಸಾಕ್ಷಿಯನ್ನು ಪಾಟೀಸವಾಲು ಮಾಡುತ್ತಿದ್ದರು, ವಾದವೂ ಅವರದೇ. ಮುಂದೆ ಬೆಂಗಳೂರಿಗೆ ಬಂದು ದೊಡ್ಡ ಫರ್ಮು ಸೇರಿದಾಗ ಕಂಡದ್ದು ಬೇರೆಯೇ ವ್ಯವಸ್ಥೆ. ಕಂಪನಿಯ ಕಾನೂನು ವಿಭಾಗದವರು ಪಾರ್ಟ್ನರ್ ಜೊತೆ ಮಾತಾಡುತ್ತಾರೆ. ಪಾರ್ಟ್ನರ್ ಅದರ ಸಾರವನ್ನು ಸೀನಿಯರ್ ಅಸೋಸಿಯೇಟ್‌ಗೆ ಹೇಳುತ್ತಾರೆ. ಅವರು ಒಬ್ಬ ಜೂನಿಯರ್‌ಗೆ ಕರಡು, ಇನ್ನೊಬ್ಬರಿಗೆ ಹಳೇ ತೀರ್ಪುಗಳ ಹುಡುಕಾಟ, ಮತ್ತೊಬ್ಬರಿಗೆ ಅಡಕಗಳ ಜೋಡಣೆ ಹಂಚುತ್ತಾರೆ. ಕೊನೆಗೆ ನ್ಯಾಯಾಧೀಶರ ಮುಂದೆ ಎದ್ದು ನಿಲ್ಲುವವರು ಹೊರಗಿನಿಂದ ಗೊತ್ತುಮಾಡಿದ ಸೀನಿಯರ್ ಅಡ್ವೊಕೇಟ್. ಇಷ್ಟು ಕೈ ದಾಟಿ ಬಂದ ಕೇಸನ್ನು ಪೂರ್ತಿಯಾಗಿ ಬಲ್ಲವರು ಯಾರು ಎಂದು ಕೇಳಿದರೆ, ಬಹಳ ಸಲ ಯಾರೂ ಇರುವುದಿಲ್ಲ. ಆ ಬಲ್ಲವಳು ನೀನಾಗು. ನಾನು ಹೇಳಬೇಕಾದ್ದು ಇದೊಂದೇ. ಉಳಿದುದೆಲ್ಲ ಇದರ ವಿವರ.

ಸೇರಿದ ವಾರದಲ್ಲೇ ನಿನಗೊಂದು ಫೋಲ್ಡರ್ ಕೊಡುತ್ತಾರೆ. ಒಪ್ಪಂದ, ಅದರ ತಿದ್ದುಪಡಿಗಳು, ಇನ್‌ವಾಯ್ಸ್‌ಗಳು, ಸಭೆಯ ನಡಾವಳಿ, ಸಾವಿರಾರು ಇ-ಮೇಲ್, ಇತ್ತೀಚೆಗೆ ವಾಟ್ಸಾಪ್ ಸಂದೇಶಗಳೂ. ‘ಇದರಲ್ಲಿ ಮುಖ್ಯವಾದದ್ದು ತೆಗೆದಿಡು’ ಎನ್ನುತ್ತಾರೆ. ಎಲ್ಲವನ್ನೂ ಓದದೆ ಮುಖ್ಯವಾದದ್ದು ಯಾವುದೆಂದು ಗೊತ್ತಾಗುವುದಿಲ್ಲ. ಓದುತ್ತಾ ದಿನಾಂಕಗಳ ಪಟ್ಟಿ ಮಾಡಿಕೋ: ಯಾವ ದಿನ, ಯಾರು, ಯಾರಿಗೆ, ಏನು ಹೇಳಿದರು, ಯಾವ ಪುಟದಲ್ಲಿದೆ. ಯಾರೂ ಕೇಳದಿದ್ದರೂ ಮಾಡಿಕೋ. ನಿನ್ನ ಮಾತಿನಲ್ಲೇ ಬರೆ. ಕಕ್ಷಿದಾರರ ಪತ್ರದಲ್ಲಿದ್ದ ಆರೋಪದ ಭಾಷೆಯನ್ನು ಹಾಗೇ ಎತ್ತಿ ಇಡಬೇಡ. ಎರಡು ದಿನಾಂಕಗಳ ನಡುವೆ ಆರು ತಿಂಗಳು ಯಾರೂ ಏನೂ ಬರೆಯದೇ ಇದ್ದರೆ ಅಲ್ಲಿ ನಿಲ್ಲು. ಇಷ್ಟು ದಿನ ಎರಡೂ ಕಡೆಯವರು ಯಾಕೆ ಸುಮ್ಮನಿದ್ದರು? ನನ್ನ ಅನುಭವದಲ್ಲಿ ವಾಣಿಜ್ಯ ವ್ಯಾಜ್ಯದ ಗಂಟು ಇರುವುದೇ ಅಂಥ ಜಾಗದಲ್ಲಿ. ದುಡ್ಡು ಬರಬೇಕಿದ್ದವನು ಯಾಕೆ ಕೇಳಲಿಲ್ಲ, ಸರಕು ಕೆಟ್ಟಿದೆ ಎನ್ನುವವನು ಅದನ್ನು ಯಾಕೆ ಬಳಸುತ್ತಲೇ ಇದ್ದ ಎಂಬುದನ್ನು ಯಾವ ಕಾನೂನು ಪುಸ್ತಕವೂ ಹೇಳಿಕೊಡುವುದಿಲ್ಲ.

ದಿನಾಂಕಕ್ಕೆ ಎಂಥ ಬಲವಿದೆ ಎಂಬುದಕ್ಕೆ ನಮ್ಮ ಬೆಂಗಳೂರಿನದೇ ಉದಾಹರಣೆ ಇದೆ. ಇಸ್ರೋದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್‌ಗೂ ದೇವಾಸ್ ಮಲ್ಟಿಮೀಡಿಯಾ ಎಂಬ ಕಂಪನಿಗೂ 2005ರ ಜನವರಿ 28ರಂದು ಉಪಗ್ರಹದ ಎಸ್-ಬ್ಯಾಂಡ್ ತರಂಗಾಂತರದ ಬಗ್ಗೆ ಒಪ್ಪಂದವಾಯಿತು. 2011ರ ಫೆಬ್ರುವರಿಯಲ್ಲಿ ಅದನ್ನು ರದ್ದುಮಾಡಲಾಯಿತು. 2015ರಲ್ಲಿ ಆರ್ಬಿಟ್ರೇಷನ್ ಮಂಡಳಿ ದೇವಾಸ್‌ಗೆ 56.25 ಕೋಟಿ ಡಾಲರ್ ಕೊಡಬೇಕೆಂದಿತು. 2021ರ ಮೇ ತಿಂಗಳಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ, ವಂಚನೆಯ ಆಧಾರದ ಮೇಲೆ ಆ ಕಂಪನಿಯನ್ನೇ ಮುಚ್ಚಿಸಲು ಆದೇಶ ಮಾಡಿತು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅಲ್ಲಿಗೂ ಮುಗಿಯಲಿಲ್ಲ. 2025ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಆಂಟ್ರಿಕ್ಸ್ ಮೇಲೆ ಅಲ್ಲಿನ ಕೋರ್ಟುಗಳಿಗೆ ಅಧಿಕಾರ ವ್ಯಾಪ್ತಿ ಇದೆಯೇ ಎಂಬ ಪ್ರಶ್ನೆಯ ಮೇಲೆ ತೀರ್ಪು ಕೊಟ್ಟಿತು. ನಮ್ಮ ಸುಪ್ರೀಂ ಕೋರ್ಟಿನ 2022ರ ತೀರ್ಪನ್ನು ಸೇರುವ ಮುಂಚೆಯೇ ಓದಿಕೋ. ದೇವಾಸ್ ಕಂಪನಿ ನೋಂದಣಿಯಾದದ್ದು 2004ರ ಡಿಸೆಂಬರ್ 17ರಂದು. ಒಪ್ಪಂದಕ್ಕೆ ಬರೀ ಆರು ವಾರ ಮೊದಲು! ಅಂಥ ಒಂದು ಸಾಲು ತೀರ್ಪಿನಲ್ಲಿ ಎಷ್ಟು ಭಾರವಾಗಿ ಕೂರುತ್ತದೆ ನೋಡು. ಆ ತೀರ್ಪು ಸರಿಯೇ ತಪ್ಪೇ ಎಂದು ಬಲ್ಲವರು ಇಂದಿಗೂ ವಾದಿಸುತ್ತಾರೆ, ಅದು ಬೇರೆ ಮಾತು. ಇಷ್ಟು ವರ್ಷ ನಡೆದ ಜಗಳದಲ್ಲಿ ಮೊದಲ ದಿನ ಇದ್ದ ಅಧಿಕಾರಿಗಳು, ವಕೀಲರು ಕೊನೆಯ ದಿನ ಇರುವುದಿಲ್ಲ. ಕೈಯಿಂದ ಕೈಗೆ ದಾಟುವುದು ಕಡತ ಮಾತ್ರ. ನೀನು ಇಂದು ಎಚ್ಚರದಿಂದ ಮಾಡಿದ ಟಿಪ್ಪಣಿ, ನಿನ್ನ ಹೆಸರೇ ಗೊತ್ತಿಲ್ಲದ ಇನ್ನೊಬ್ಬ ಜೂನಿಯರ್‌ಗೆ ಹತ್ತು ವರ್ಷ ಕಳೆದ ಮೇಲೆ ದಾರಿ ತೋರಿಸುತ್ತದೆ.

ಹಾಗೆಂದು ಕಡತ ಎಂದರೆ ಫೋಲ್ಡರಿನಲ್ಲಿರುವ ಪಿಡಿಎಫ್ ಅಷ್ಟೇ ಎಂದುಕೊಳ್ಳಬೇಡ. ಪೀಣ್ಯದ ಯಂತ್ರ ತಯಾರಕರೊಬ್ಬರ ಕೇಸು ನಮ್ಮಲ್ಲಿತ್ತು. ಯಂತ್ರ ತಡವಾಗಿ ಬಂತೆಂದು ಕೊಂಡವರು ಒಪ್ಪಂದದಲ್ಲಿ ಬರೆದಿದ್ದ ದಂಡವನ್ನು ಬಿಲ್ಲಿನಲ್ಲೇ ಮುರಿದುಕೊಂಡಿದ್ದರು. ಕಾನೂನು ಎಲ್ಲರಿಗೂ ಗೊತ್ತಿದ್ದದ್ದೇ: ಕರಾರು ಕಾಯ್ದೆಯ 74ನೇ ಕಲಂ, ನಷ್ಟವೇ ಆಗದ ಕಡೆ ಬರೆದಿಟ್ಟ ಮೊತ್ತವನ್ನು ಹಾಗೇ ನುಂಗುವಂತಿಲ್ಲ ಎಂದು ಕೈಲಾಶ್ ನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ ಹೇಳಿದ ಮಾತು. ಇ-ಮೇಲ್‌ಗಳಲ್ಲಿ ಎರಡೂ ಕಡೆಯವರು ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿದ್ದರೇ ಹೊರತು ಗಟ್ಟಿಯಾದದ್ದು ಏನೂ ಇರಲಿಲ್ಲ. ನಮ್ಮ ತಂಡದ ಹುಡುಗಿಯೊಬ್ಬಳು, ಆಗ ಅವಳಿಗೆ ನಿನ್ನ ವಯಸ್ಸು, ‘ಸರ್, ಒಂದು ಸಲ ಫ್ಯಾಕ್ಟರಿ ನೋಡಿ ಬರ್ತೀನಿ’ ಎಂದು ಹೋದಳು. ಕಾನೂನು ವಿಭಾಗದ ಕೋಣೆಯಲ್ಲಿ ಕೂರದೆ ಸ್ಟೋರ್ಸಿಗೆ ಹೋಗಿ, ಅಲ್ಲಿ ಬಹಳ ವರ್ಷದಿಂದ ಇದ್ದ ಸ್ಟೋರ್‌ಕೀಪರ್ ಜೊತೆ ಮಾತಾಡಿದಳು. ‘ಯಂತ್ರ ರೆಡಿ ಇತ್ತು ಕಣಮ್ಮಾ. ಅವರ ಇಂಜಿನಿಯರೇ ಬಂದು, ನಮ್ಮಲ್ಲಿ ಫೌಂಡೇಷನ್ ಆಗಿಲ್ಲ, ಇನ್ನೊಂದಿಷ್ಟು ದಿನ ಇಲ್ಲೇ ಇಟ್ಕೊಳ್ಳಿ ಅಂದ್ರು’ ಎಂದರಂತೆ ಅವರು. ಅದು ಯಾವ ಇ-ಮೇಲ್‌ನಲ್ಲೂ ಇರಲಿಲ್ಲ. ಗೇಟಿನ ಸೆಕ್ಯುರಿಟಿಯವರ ವಿಸಿಟರ್ಸ್ ರಿಜಿಸ್ಟರಿನಲ್ಲಿ ಆ ಇಂಜಿನಿಯರ್‌ನ ಹೆಸರು, ಬಂದ ದಿನ, ಸಹಿ ಎಲ್ಲ ಇತ್ತು. ಆ ರಿಜಿಸ್ಟರ್ ಬಂದ ಮೇಲೆ ಕೇಸಿನ ನಡಿಗೆಯೇ ಬೇರೆಯಾಯಿತು. ಹುಡುಗಿಗೆ ಕಾನೂನಿನಷ್ಟೇ ಒದಗಿದ್ದು ಅವಳ ಕನ್ನಡ ಮತ್ತು ಆ ಹಿರಿಯರ ಹತ್ತಿರ ಸ್ಟೂಲಿನ ಮೇಲೆ ಕೂತು ಮಾತಾಡುವ ವಿನಯ. ಕಂಪನಿಯ ಸತ್ಯ ಮೇಲಿನ ಮಹಡಿಯಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಸ್ಟೋರ್ಸು, ಅಕೌಂಟ್ಸು, ಗೇಟುಗಳಲ್ಲಿ ಇರುತ್ತದೆ. ನಿನಗೆ ಆ ಜನರ ಭಾಷೆ ಬರುತ್ತದೆ; ಫರ್ಮಿನಲ್ಲಿ ಬಹಳ ಮಂದಿಗೆ ಬರುವುದಿಲ್ಲ.

ಇನ್ನು ವಾಯಿದೆಯ ವಿಚಾರ. ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ 2015ರಲ್ಲಿ ಬಂತು. ಮೊದಲು ಒಂದು ಕೋಟಿ ಮೇಲ್ಪಟ್ಟ ವ್ಯಾಜ್ಯಗಳಿಗೆ ಇದ್ದದ್ದನ್ನು 2018ರಲ್ಲಿ ಮೂರು ಲಕ್ಷಕ್ಕೆ ಇಳಿಸಿದರು. ಈ ದಾವೆಗಳಲ್ಲಿ ಪ್ರತಿವಾದಿಗೆ ಸಮನ್ಸ್ ಜಾರಿಯಾದ 120 ದಿನದೊಳಗೆ ಲಿಖಿತ ಹೇಳಿಕೆ ಬರದಿದ್ದರೆ ಆ ಹಕ್ಕೇ ಹೋಯಿತು. ನ್ಯಾಯಾಧೀಶರಿಗೂ ಕನಿಕರ ತೋರಿಸುವ ಅಧಿಕಾರವಿಲ್ಲ. ಇದನ್ನು ಸುಪ್ರೀಂ ಕೋರ್ಟು 2019ರಲ್ಲೇ ಖಚಿತಪಡಿಸಿದೆ. ಆರ್ಬಿಟ್ರೇಷನ್ ತೀರ್ಪನ್ನು ಪ್ರಶ್ನಿಸಲು ಮೂರು ತಿಂಗಳು, ಸಕಾರಣವಿದ್ದರೆ ಮೇಲೆ ಮೂವತ್ತು ದಿನ, ಅದರಾಚೆ ಒಂದು ದಿನವೂ ಇಲ್ಲ. ಸಮನ್ಸ್ ಕಂಪನಿಯ ಯಾವುದೋ ಶಾಖೆಯ ಟಪಾಲು ಮೇಜಿನ ಮೇಲೆ ತಿಂಗಳುಗಟ್ಟಲೆ ಬಿದ್ದಿದ್ದು ಆಮೇಲೆ ನಿನ್ನ ಬಳಿ ಬರುತ್ತದೆ. ಆದ್ದರಿಂದ ಕಡತ ಕೈಗೆ ಬಂದ ದಿನ ನೀನು ಕೇಳಬೇಕಾದ ಮೊದಲ ಪ್ರಶ್ನೆ ‘ಇದು ನಿಮಗೆ ತಲುಪಿದ್ದು ಯಾವತ್ತು’ ಎಂಬುದು. ಉತ್ತರವನ್ನು ಬಾಯಿಮಾತಿನಲ್ಲಿ ನಂಬಬೇಡ, ಲಕೋಟೆಯ ಮೇಲಿನ ಸೀಲು ನೋಡು. ಫರ್ಮಿನ ಕ್ಯಾಲೆಂಡರಿನಲ್ಲಿ ಇರಲಿ, ನಿನ್ನ ಡೈರಿಯಲ್ಲೂ ಇರಲಿ.

ಈಗ ಹೇಳುವುದು ಎಲ್ಲಕ್ಕಿಂತ ಮುಖ್ಯ, ನಿಧಾನವಾಗಿ ಓದು. ವಾಣಿಜ್ಯ ದಾವೆಯಲ್ಲಿ ಪಕ್ಷಕಾರರು ತಮ್ಮ ಬಳಿ ಇರುವ, ವ್ಯಾಜ್ಯಕ್ಕೆ ಸಂಬಂಧಪಟ್ಟ ಎಲ್ಲ ದಾಖಲೆಗಳನ್ನೂ ಕೋರ್ಟಿನ ಮುಂದೆ ಇಡಬೇಕು, ತಮಗೆ ವಿರುದ್ಧವಾದವನ್ನೂ. ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಆದೇಶ ಈ ದಾವೆಗಳಿಗಾಗಿಯೇ ಹಾಗೆ ಬದಲಾಗಿದೆ. ಪ್ರಮಾಣ ಮಾಡಿ ಸಹಿ ಹಾಕುವವರು ಕಂಪನಿಯವರು. ಆದರೆ ಫೋಲ್ಡರನ್ನು ಪೂರ್ತಿ ಓದಿದವಳು ನೀನು. ಒಂದು ರಾತ್ರಿ ಹನ್ನೊಂದು ಗಂಟೆಗೆ ನಿನ್ನ ಕಣ್ಣಿಗೆ ಒಂದು ಇ-ಮೇಲ್ ಬೀಳುತ್ತದೆ. ನಮ್ಮ ಕಕ್ಷಿದಾರರ ವಾದವನ್ನೇ ಕೆಡವುವಂಥದ್ದು. ಆಗ ನಿನ್ನ ಎದೆ ಹೊಡೆದುಕೊಳ್ಳುತ್ತದೆ. ಅದನ್ನು ಕಂಡೂ ಕಾಣದಂತೆ ದಾಟಿಸಿಬಿಡುವ ಆಸೆ ಬರುತ್ತದೆ. ದಾಟಿಸಬೇಡ. ಅದೇ ರಾತ್ರಿ ಪಾರ್ಟ್ನರ್‌ಗೆ ಬರೆ, ಬರವಣಿಗೆಯಲ್ಲೇ ಬರೆ. ಒಳ್ಳೆಯ ಪಾರ್ಟ್ನರ್ ನಿನಗೆ ಕೃತಜ್ಞರಾಗಿರುತ್ತಾರೆ, ಏಕೆಂದರೆ ಆ ಪತ್ರದ ಇನ್ನೊಂದು ಪ್ರತಿ ಎದುರಾಳಿಯ ಬಳಿ ಇದ್ದೇ ಇರುತ್ತದೆ. ಪಾಟೀಸವಾಲಿನ ನಡುವೆ ನಮ್ಮ ಸಾಕ್ಷಿಯ ಮುಖಕ್ಕೆ ಅದನ್ನು ಹಿಡಿದಾಗ ಉಳಿಯುವುದು ಏನೂ ಇಲ್ಲ. ‘ಅದನ್ನ ಬಿಟ್ಟುಬಿಡಮ್ಮಾ’ ಎನ್ನುವ ಪಾರ್ಟ್ನರ್ ಸಿಕ್ಕರೆ ತಂಡ ಬದಲಾಯಿಸಲು ಕೇಳಿಕೋ. ಆಗದಿದ್ದರೆ ಫರ್ಮನ್ನೇ ಬಿಡು. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ. ನಿನ್ನ ಸನ್ನದು ಫರ್ಮಿನ ಹೆಸರಿನಲ್ಲಿಲ್ಲ, ನಿನ್ನ ಹೆಸರಿನಲ್ಲಿದೆ. ಕಂಪನಿಗಳು ವಕೀಲರನ್ನು ಬದಲಾಯಿಸುತ್ತವೆ, ಪಾರ್ಟ್ನರ್‌ಗಳು ಫರ್ಮು ಬದಲಾಯಿಸುತ್ತಾರೆ. ನ್ಯಾಯಾಧೀಶರು ಮಾತ್ರ ‘ಈ ಹುಡುಗಿ ಹೇಳಿದರೆ ನಂಬಬಹುದು’ ಎಂದೋ ‘ಇವಳ ಮಾತನ್ನು ಒಂದು ಸಲ ಪರೀಕ್ಷಿಸಬೇಕು’ ಎಂದೋ ನಿನ್ನ ಮುಖವನ್ನು ನೆನಪಿಡುತ್ತಾರೆ.

ಓದದೆ ಸಹಿ ಮಾಡುವ ಅಪಾಯ ಈಗ ಹೊಸ ವೇಷದಲ್ಲಿ ಬಂದಿದೆ. ಎ.ಐ. ಕೇಳಿದರೆ ಕ್ಷಣದಲ್ಲಿ ಹತ್ತು ತೀರ್ಪುಗಳ ಹೆಸರು ಕೊಡುತ್ತದೆ. ಅವುಗಳಲ್ಲಿ ಕೆಲವು ಹುಟ್ಟಿಯೇ ಇರುವುದಿಲ್ಲ. 2023ರಲ್ಲಿ ನ್ಯೂಯಾರ್ಕಿನಲ್ಲಿ ಅಂಥ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿದ ವಕೀಲರಿಗೆ ಐದು ಸಾವಿರ ಡಾಲರ್ ದಂಡ ಬಿತ್ತು. ಉಪಕರಣ ಬೇಡ ಎನ್ನುವುದಿಲ್ಲ. ಆದರೆ ತೀರ್ಪನ್ನು ತೆರೆದು, ನೀನು ನೆಚ್ಚಿದ ಪ್ಯಾರಾವನ್ನು ಕಣ್ಣಾರೆ ಓದದೆ ಅದರ ಹೆಸರನ್ನು ಕಾಗದದ ಮೇಲೆ ಬರೆಯಬೇಡ.

ನಿನ್ನಪ್ಪನ ಅಳುಕಿಗೆ ಬರುತ್ತೇನೆ. ದೊಡ್ಡ ಫರ್ಮಿನಲ್ಲಿ ಐದಾರು ವರ್ಷ ಕಳೆದೂ ಕೋರ್ಟಿನಲ್ಲಿ ಗಟ್ಟಿಯಾಗಿ ನಾಲ್ಕು ಮಾತಾಡದ ವಕೀಲರು ಇದ್ದಾರೆ. ಅವರು ಜಾಣರಲ್ಲವೆಂದಲ್ಲ. ಕರಡು ಚೆನ್ನಾಗಿ ಬರೆಯುತ್ತಾರೆ, ಆದ್ದರಿಂದ ಕರಡೇ ಅವರ ಪಾಲಿಗೆ ಬರುತ್ತದೆ. ಮಾತಾಡುವ ಅವಕಾಶ ಕೇಳದೆ ಸಿಕ್ಕುವುದಿಲ್ಲ, ಕೇಳು. ಮೊದಲು ವಾಯಿದೆ ಕೇಳುವುದು, ಮೆನ್ಷನ್ ಮಾಡುವುದು. ಆಮೇಲೆ ದಾಖಲೆ ಹಾಜರುಪಡಿಸಲು ಅನುಮತಿ ಕೇಳುವಂಥ ಸಣ್ಣ ಮಧ್ಯಂತರ ಅರ್ಜಿ (ಐ.ಎ.) ಬಂದಾಗ ‘ಮೇಡಂ, ಇದನ್ನ ನಾನೇ ವಾದ ಮಾಡ್ತೀನಿ’ ಎನ್ನು. ಇಲ್ಲೇ ಕಡತ ನಿನ್ನ ಕೈ ಹಿಡಿಯುವುದು. ಸೀನಿಯರ್ ಅಡ್ವೊಕೇಟ್ ಬೇರೆ ಹಾಲ್‌ನಲ್ಲಿ ಸಿಕ್ಕಿಬಿದ್ದ ದಿನ ನ್ಯಾಯಾಧೀಶರು ‘ಆ ನೋಟಿಸ್ ಯಾವ ಪುಟದಲ್ಲಿದೆ’ ಎಂದು ಕೇಳಿದರೆ ನೀನು ಪುಟ ತಿರುವದೇ ಹೇಳಬಲ್ಲೆ. ಒಮ್ಮೆ ಹಾಗಾದರೆ ಮುಂದಿನ ಸಲ ಸೀನಿಯರೇ ‘ಈ ಭಾಗ ನೀವೇ ಹೇಳಿ’ ಎನ್ನುತ್ತಾರೆ. ಕೆ.ಜಿ. ರಸ್ತೆಯ ಸಿಟಿ ಸಿವಿಲ್ ಕೋರ್ಟಿಗೆ ಹೋಗುವ ಕೆಲಸ ಬಂದಾಗ ಅದನ್ನು ಕಡಿಮೆ ದರ್ಜೆಯದೆಂದು ತಳ್ಳಬೇಡ. ಹೈಕೋರ್ಟಿನ ಕೆಂಪು ಕಟ್ಟಡದ ವೈಭವ ಬೇರೆ. ಆದರೆ ಸಾಕ್ಷಿ ಕಟಕಟೆ ಏರುವುದು, ದಾಖಲೆ ಗುರುತಾಗುವುದು ವಿಚಾರಣಾ ನ್ಯಾಯಾಲಯದಲ್ಲಿ. ಪಾಟೀಸವಾಲು ಅಲ್ಲಿ ನೋಡದೆ ಎಲ್ಲಿ ಕಲಿಯುತ್ತೀಯ? ರೇಸ್ ಕೋರ್ಸ್ ರಸ್ತೆಯ ಖನಿಜ ಭವನದಲ್ಲಿರುವ ಆರ್ಬಿಟ್ರೇಷನ್ ಕೇಂದ್ರದಲ್ಲಿ ಸಾಕ್ಷಿ ವಿಚಾರಣೆ ಇದ್ದರೆ, ಬ್ಯಾಗ್ ಹಿಡಿಯುವ ನೆಪದಲ್ಲಾದರೂ ಹೋಗಿ ಕೂತುಕೋ. ಒಳ್ಳೆಯ ಸೀನಿಯರ್‌ಗಳು ಎಷ್ಟು ಚಿಕ್ಕ ಪ್ರಶ್ನೆ ಕೇಳುತ್ತಾರೆ, ಎಲ್ಲಿ ಕೇಳದೆ ಕೂರುತ್ತಾರೆ ಎಂಬುದನ್ನು ಗಮನಿಸು.

ಬೆಂಚ್ ಕ್ಲರ್ಕ್, ಶಿರಸ್ತೇದಾರರು, ಫೈಲಿಂಗ್ ಕೌಂಟರಿನವರು, ಫರ್ಮಿನ ಕೋರ್ಟ್ ಗುಮಾಸ್ತರು, ಎಲ್ಲರಿಗೂ ‘ನೀವು’ ಎನ್ನು. ಅವರಿಗೆ ಗೊತ್ತಿರುವ ಪ್ರಕ್ರಿಯೆ ನಾಗರಭಾವಿಯ ನಿನ್ನ ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರುವುದಿಲ್ಲ.

ಕಡತ ಬಲ್ಲವಳಿಗೆ ಇನ್ನೊಂದು ಹೊಣೆಯೂ ಬರುತ್ತದೆ. ಈ ಕೇಸು ಗೆಲ್ಲುವಂಥದ್ದಲ್ಲ ಎಂದು ಎಲ್ಲರಿಗಿಂತ ಮೊದಲು ನಿನಗೆ ಗೊತ್ತಾಗುತ್ತದೆ. ದೊಡ್ಡ ಫರ್ಮಿನಲ್ಲಿ ಗಂಟೆಗೆ ಇಷ್ಟು ಎಂದು ಬಿಲ್ ಆಗುವಾಗ ವ್ಯಾಜ್ಯ ಬೇಗ ಮುಗಿಯಲಿ ಎಂದು ಹಂಬಲಿಸುವವರು ಕಡಿಮೆ. ನೀನು ಆ ಕಡಿಮೆ ಜನರಲ್ಲಿ ಒಬ್ಬಳಾಗು. ತುರ್ತು ಮಧ್ಯಂತರ ಪರಿಹಾರ ಬೇಕಿಲ್ಲದ ವಾಣಿಜ್ಯ ದಾವೆಯಲ್ಲಿ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು, ಹೋಗದೆ ಹಾಕಿದ ದಾವೆ ನಿಲ್ಲುವುದಿಲ್ಲ ಎಂದು 2022ರಲ್ಲಿ ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಬಹಳ ಫರ್ಮುಗಳು ಇದನ್ನು ದಾಟಬೇಕಾದ ಹೊಸ್ತಿಲು ಎಂದಷ್ಟೇ ಕಾಣುತ್ತವೆ. ಅರ್ಜಿ ಹಾಕಿ, ಎದುರಿನವರು ಬರದಿದ್ದರೆ ವರದಿ ಪಡೆದು ಮುಂದೆ ಹೋಗುತ್ತವೆ. ಇದು ನನಗೆ ನೋವಿನ ಸಂಗತಿ. ಇಪ್ಪತ್ತು ವರ್ಷ ಒಟ್ಟಿಗೆ ವ್ಯಾಪಾರ ಮಾಡಿದ ಇಬ್ಬರು ಒಂದು ಕೋಣೆಯಲ್ಲಿ ಕೂತರೆ, ನಾಲ್ಕನೇ ಗಂಟೆಯಲ್ಲಿ ಒಬ್ಬರು ಬಾಕಿಯ ಕಂತು ಹೇಳುತ್ತಾರೆ, ಇನ್ನೊಬ್ಬರು ಹೊಸ ಆರ್ಡರ್ ಕೊಡುವುದಾಗಿ ಹೇಳುತ್ತಾರೆ. ಹೊಸ ಆರ್ಡರ್ ಕೊಡಿಸುವ ಡಿಕ್ರಿಯನ್ನು ಯಾವ ನ್ಯಾಯಾಧೀಶರೂ ಬರೆಯಲಾರರು. ಆ ಕೋಣೆಗೆ ಹೋಗುವಾಗ ಕಕ್ಷಿದಾರರ ಬಲ ಎಲ್ಲಿ, ದೌರ್ಬಲ್ಯ ಎಲ್ಲಿ ಎಂದು ಒಂದು ಪುಟ ಬರೆದುಕೊಡು. ಸವಿಮಾತು ಸೇರಿಸದೆ ಬರೆ. ಸಣ್ಣ ಕಾರ್ಖಾನೆಯ ಮಾಲೀಕರಾದರೆ ಆ ಒಂದು ಪುಟದ ಮೇಲೆ ನಲವತ್ತು ಮನೆಗಳ ಸಂಬಳ ನಿಂತಿರುತ್ತದೆ.

ಹೊತ್ತು ಗೊತ್ತಿಲ್ಲದ ದುಡಿಮೆಯ ಬಗ್ಗೆ ನಿನ್ನಮ್ಮ ಈಗಾಗಲೇ ಹೇಳಿರುತ್ತಾಳೆ. ಮಧ್ಯಂತರ ಅರ್ಜಿ ಇದ್ದಾಗ ರಾತ್ರಿ ಎಚ್ಚರವಿರುವುದು ಈ ಕಸುಬಿನ ಧರ್ಮ, ಅದಕ್ಕೆ ಗೊಣಗಬೇಡ. ಆದರೆ ತುರ್ತಿಲ್ಲದ ಕಡೆಯೂ ತಡರಾತ್ರಿ ಕೂರುವುದೇ ನಿಷ್ಠೆ ಎಂಬ ಗಾಳಿ ಕೆಲವು ಆಫೀಸುಗಳಲ್ಲಿ ಬೀಸುತ್ತದೆ; ಅದಕ್ಕೆ ತಲೆಬಾಗಬೇಡ. ನಿದ್ದೆಗೆಟ್ಟ ಕಣ್ಣು ದಿನಾಂಕ ತಪ್ಪು ಓದುತ್ತದೆ. ಟೈಮ್‌ಶೀಟಿನಲ್ಲಿ ಆರಾರು ನಿಮಿಷದ ಲೆಕ್ಕ ಬರೆಯುವಾಗ ದುಡಿದಷ್ಟೇ ಬರೆ. ಹೆಚ್ಚು ಬರೆದರೆ ಕಕ್ಷಿದಾರರಿಗೆ ಮೋಸ. ಕಡಿಮೆ ಬರೆದರೆ ನಿನಗೇ ನಷ್ಟ. ಹೊಸಬರು, ಅದರಲ್ಲೂ ಹುಡುಗಿಯರು, ಸಂಕೋಚಕ್ಕೆ ಕಡಿಮೆ ಬರೆಯುವುದನ್ನು ಕಂಡಿದ್ದೇನೆ.

ದುಡ್ಡಿನ ಮಾತು ಒಂದೇ. ಮೊದಲ ಮೂರು ವರ್ಷ ಫ್ಲ್ಯಾಟಿಗೆ, ಕಾರಿಗೆ ಸಾಲ ಮಾಡಬೇಡ. ಒಂದು ವರ್ಷದ ಖರ್ಚು ಬ್ಯಾಂಕಿನಲ್ಲಿ ಬೇರೆ ಇಡು. ಮೇಲೆ ಹೇಳಿದ ಆ ರಾತ್ರಿಯ ಇ-ಮೇಲ್ ಬಂದಾಗ ‘ಇದನ್ನು ಮುಚ್ಚಿಡಲಾರೆ’ ಎನ್ನುವ ಧೈರ್ಯಕ್ಕೆ ಆ ಹಣ ಆಸರೆ. ತಿಂಗಳ ಕಂತಿಗೆ ಹೆದರಿ ಬಾಯಿ ಮುಚ್ಚಿಕೊಂಡ ಒಳ್ಳೆಯ ವಕೀಲರನ್ನು ನೋಡಿ ಮರುಗಿದ್ದೇನೆ.

ಕೆಲಸಕ್ಕೆ ಸೇರಲು ಇನ್ನೂ ಮೂರು ವಾರ ಇದೆಯಲ್ಲ, ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಸಿಟಿ ಸಿವಿಲ್ ಕೋರ್ಟಿಗೆ ಹೋಗು. ಕಾಸ್ ಲಿಸ್ಟಿನಲ್ಲಿ ವಾಣಿಜ್ಯ ನ್ಯಾಯಾಲಯದ ಹಾಲ್ ಯಾವುದೆಂದು ನೋಡಿಕೊಂಡು, ಸಾಕ್ಷಿ ವಿಚಾರಣೆ ಇರುವ ಕಡೆ ಹಿಂದಿನ ಬೆಂಚಿನಲ್ಲಿ ಕೂತುಕೋ. ತೆರೆದ ನ್ಯಾಯಾಲಯ, ಯಾರೂ ತಡೆಯುವುದಿಲ್ಲ. ಯಾವ ವಕೀಲರು ಕಡತ ಓದಿ ಬಂದಿದ್ದಾರೆ, ಯಾರು ಓದಿಲ್ಲ ಎಂದು ಅರ್ಧ ಗಂಟೆಯಲ್ಲಿ ನಿನಗೆ ಹೇಗೆ ಗೊತ್ತಾಯಿತು ಎಂಬುದನ್ನು ಬರೆದುಕೊಂಡು, ಭಾನುವಾರ ಮನೆಗೆ ಬರುವಾಗ ಆ ಹಾಳೆ ತಾ. ನಿನ್ನ ದೊಡ್ಡಮ್ಮನೂ ಕಾಯುತ್ತಿದ್ದಾಳೆ.

ಇಂತಿ,
ನಿನ್ನ ದೊಡ್ಡಪ್ಪ